ಈಟಿಯ ತುದಿಯಲ್ಲೊಂದು ಚೀಟಿ

ಮೆಕ್ಸಿಕೊದ ಪಶ್ಚಿಮಕ್ಕೆ, ಬಾಹಾ ಕ್ಯಾಲಿಫೋರ್ನಿಯಾ ಎಂಬ ಸಪೂರ ಪರ್ಯಾಯ ದ್ವೀಪಕ್ಕೂ ದೇಶದ ಮುಖ್ಯ ನೆಲಕ್ಕೂ ನಡುವೆ ಒಂದು ಒಳಗಡಲಿದೆ. ಲಾ ಪಾಜ್ ಪಟ್ಟಣದಿಂದ ದೋಣಿಯಲ್ಲಿ ಹೊರಟರೆ ಅಲ್ಲೊಂದು ಮುಳುಗಿದ ಗುಡ್ಡ ಸಿಗುತ್ತದೆ. ಹೆಸರು ಎಲ್ ಬಾಹೊ ಎಸ್ಪಿರಿತು ಸಾಂತೊ. ಅದರ ನೆತ್ತಿ ನೀರಿನ ಮೇಲ್ಮಟ್ಟದಿಂದ ಸುಮಾರು 18 ಮೀಟರ್ ಕೆಳಗೆ. 1980ರ ಆಸುಪಾಸಿನಲ್ಲಿ ಈ ಗುಡ್ಡದ ಸುತ್ತ ಹಗಲು ಹೊತ್ತಿನಲ್ಲಿ ನೂರಾರು ಹ್ಯಾಮರ್‌ಹೆಡ್ ಶಾರ್ಕ್‌ಗಳು, ಅಂದರೆ ಸುತ್ತಿಗೆಯಂಥ ತಲೆಯವು, ಹಿಂಡುಗಟ್ಟಿ ಸುಳಿದಾಡುತ್ತಿದ್ದವು. ಪೀಟರ್ ಕ್ಲಿಮ್ಲಿ ಎಂಬ ಅಮೆರಿಕದ ಯುವ ಸಂಶೋಧಕರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳದೆ, ಉಸಿರು ಬಿಗಿಹಿಡಿದು, ಕೈಯಲ್ಲೊಂದು ಮೀನು ಬೇಟೆಯ ಈಟಿ ಹಿಡಿದು ಆ ಹಿಂಡಿನೊಳಕ್ಕೆ ಇಳಿಯುತ್ತಿದ್ದರು. ಈಟಿಯ ತುದಿಯಲ್ಲಿ ಕೊಲ್ಲುವ ಮೊನೆ ಇರಲಿಲ್ಲ. ಸದ್ದು ಹೊರಡಿಸುವ ಪುಟ್ಟ ಟ್ರಾನ್ಸ್‌ಮಿಟರ್ ಸಿಕ್ಕಿಸಿದ ಒಂದು ಮುಳ್ಳಿತ್ತು.

ಸಿಲಿಂಡರ್ ಬಿಟ್ಟದ್ದು ಧೈರ್ಯ ಮೆರೆಸಲಿಕ್ಕಲ್ಲ. ಸಿಲಿಂಡರ್ ಕಟ್ಟಿದ ಡೈವರ್ ಉಸಿರು ಬಿಟ್ಟಾಗಲೆಲ್ಲ ಗುಳುಗುಳು ಎಂದು ಗುಳ್ಳೆ ಏಳುತ್ತದೆ. ಹ್ಯಾಮರ್‌ಹೆಡ್‌ಗಳಿಗೆ ಆ ಗದ್ದಲ ಆಗಿಬರುವುದಿಲ್ಲ, ದೂರ ಸರಿದುಬಿಡುತ್ತವೆ. ಸದ್ದಿಲ್ಲದೆ ಇಳಿದವನನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳುತ್ತವೆ. ಹೀಗೆ ಮೂರು ಪಟ್ಟು ಒತ್ತಡದ ನೀರಿನಲ್ಲಿ, ಒಂದೇ ಒಂದು ಉಸಿರಿನ ಅವಧಿಯಲ್ಲಿ ಮುಗಿಸಬೇಕಾದ ಕೆಲಸದಿಂದ ಏನೇನು ತಿಳಿಯಿತು ಎಂಬುದು ಈಗ ಪಠ್ಯಪುಸ್ತಕದ ಮಾತು. ಹಗಲೆಲ್ಲ ಗುಡ್ಡದ ಬಳಿ ಕಾಲಹರಣ ಮಾಡುವ ಶಾರ್ಕ್‌ಗಳು ಸಂಜೆಯಾದರೆ ಒಂದೊಂದೇ ಚದುರಿ, ಆಳದ ಕಡಲಿಗೆ ಹೋಗಿ ಬೇಟೆಯಾಡಿ, ಬೆಳಗಾಗುವ ಹೊತ್ತಿಗೆ ಅದೇ ಗುಡ್ಡಕ್ಕೆ ಮರಳುತ್ತವೆ. ಕತ್ತಲಲ್ಲಿ, ತಳ ಕಾಣದ ನೀರಿನಲ್ಲಿ, ಗೆರೆ ಎಳೆದಂತೆ ನೇರವಾಗಿ ಈಜುತ್ತವೆ. ದಾರಿ ಹೇಗೆ ಗೊತ್ತಾಗುತ್ತದೆ? 1993ರಲ್ಲಿ ಕ್ಲಿಮ್ಲಿ ಕೊಟ್ಟ ಉತ್ತರ ಕಾಂತತ್ವ. ಕಡಲ ತಳದ ಲಾವಾ ಶಿಲೆಯಲ್ಲಿ ಭೂಮಿಯ ಕಾಂತಕ್ಷೇತ್ರ ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ. ಆ ಏರಿಳಿತಗಳೇ ಶಾರ್ಕಿಗೆ ರಸ್ತೆ ಎಂದು ಅವರು ವಾದಿಸಿದರು.

ಹಿಂಡಿನೊಳಗಿನ ಸಂಸಾರವೂ ಸ್ವಾರಸ್ಯದ್ದೇ. ಅದರಲ್ಲಿ ಹೆಚ್ಚಿನವು ಹೆಣ್ಣು. ದೊಡ್ಡವು ನಡುವಿನ ಜಾಗ ಹಿಡಿದು ಚಿಕ್ಕವನ್ನು ಅಂಚಿಗೆ ತಳ್ಳುತ್ತವೆ. ಯಜಮಾನಿಕೆ ತೋರಿಸಬೇಕಾದಾಗ ದೊಡ್ಡ ಹೆಣ್ಣೊಂದು ಮೈ ತಿರುಚಿ ಗಿರ್ರನೆ ಸುತ್ತು ಹೊಡೆಯುತ್ತದೆ, ಕಿರಿಯವು ಜಾಗ ಬಿಡುತ್ತವೆ. ಎರಡು ಕ್ಯಾಮೆರಾಗಳನ್ನು ಜೋಡಿಸಿ ತೆಗೆದ ಚಿತ್ರಗಳಿಂದ ಪ್ರತಿ ಮೀನಿನ ಉದ್ದವನ್ನೂ ಅಳೆದು ಕ್ಲಿಮ್ಲಿ ಇದನ್ನು ಖಚಿತಪಡಿಸಿಕೊಂಡರು.

ಇಷ್ಟು ಕಷ್ಟ ಯಾಕೆ, ಗಾಳ ಹಾಕಿ ಹಿಡಿದು ಚೀಟಿ ಕಟ್ಟಿ ಬಿಟ್ಟರಾಗದೆ ಎಂದು ಕೇಳಬಹುದು. ಬೇರೆ ಎಷ್ಟೋ ಜಾತಿಯ ಶಾರ್ಕ್‌ಗಳಿಗೆ ಹಾಗೆಯೇ ಮಾಡುತ್ತಾರೆ. ಹ್ಯಾಮರ್‌ಹೆಡ್ ಮಾತ್ರ ಆ ಉಪಚಾರವನ್ನು ತಾಳಿಕೊಳ್ಳುವುದಿಲ್ಲ. ಮುಂದಕ್ಕೆ ಈಜುತ್ತಿದ್ದರೆ ಮಾತ್ರ ಕಿವಿರುಗಳಿಗೆ ಸಾಕಷ್ಟು ನೀರು ಹರಿಯುವ ಮೀನು ಅದು. ಗಾಳಕ್ಕೆ ಸಿಕ್ಕಿ ಜಗ್ಗಾಡಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ, ಬಿಟ್ಟ ಮೇಲೂ ಎಷ್ಟೋ ಸಲ ಸಾಯುತ್ತದೆ. ಬದುಕನ್ನು ತಿಳಿಯಲು ಹೊರಟವರು ಅದನ್ನೇ ತೆಗೆದುಬಿಟ್ಟರೆ ಬಂದ ಮಾಹಿತಿಗೆ ಬೆಲೆಯೇನು? ಅದಕ್ಕೇ ಈಜುತ್ತಿರುವ ಮೀನಿನ ಬಳಿಗೆ ತಾನೇ ಹೋಗಿ, ಬೆನ್ನ ರೆಕ್ಕೆಯ ಬುಡಕ್ಕೆ ಟ್ಯಾಗ್ ಚುಚ್ಚಿ ಬರುವ ದಾರಿ. ಆ ದಾರಿಯನ್ನು ವಿಜ್ಞಾನಿಗಳು ಹೊಸದಾಗಿ ಕಂಡುಹಿಡಿಯಲಿಲ್ಲ. ಈಟಿ ಹಿಡಿದು ಮೀನು ಹೊಡೆಯುವ ಹವ್ಯಾಸಿಗಳಿಂದ ಕಲಿತರು.

ಈ ಋಣವನ್ನು ಶಾರ್ಕ್ ವಿಜ್ಞಾನದ ಕಥೆ ಹೇಳುವವರು ಅಷ್ಟಾಗಿ ನೆನೆಯುವುದಿಲ್ಲ ಎಂಬುದು ನನ್ನ ತಕರಾರು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಶಾರ್ಕನ್ನು ಅದರ ಮನೆಯಲ್ಲೇ, ನೀರಿನೊಳಗೇ, ಮತ್ತೆ ಮತ್ತೆ ಮುಖಾಮುಖಿಯಾಗಿ ನೋಡಿದವರು ಬಹುಪಾಲು ಈಟಿಗಾರರು. ಪ್ರಯೋಗಾಲಯದ ಮೇಜಿನ ಮೇಲಿದ್ದದ್ದು ಸತ್ತ ಶಾರ್ಕ್. ಜೀವಂತ ಶಾರ್ಕ್ ಹೇಗೆ ಹತ್ತಿರ ಬರುತ್ತದೆ, ಯಾವಾಗ ಮುನಿಯುತ್ತದೆ, ಯಾವಾಗ ಬೆನ್ನು ತೋರಿಸುತ್ತದೆ ಎಂಬ ತಿಳಿವಳಿಕೆ ಸೊಂಟಕ್ಕೆ ಮೀನಿನ ಸರ ಕಟ್ಟಿಕೊಂಡು ಈಜುವವರ ಬಳಿ ಇತ್ತು.

ಅವರಾಡುತ್ತಿದ್ದ ಒಂದು ಮಾತು: ಮೀನಿಗೆ ಈಟಿ ತಾಗಿದ ಕೆಲವೇ ಕ್ಷಣಗಳಲ್ಲಿ ಎಲ್ಲಿಂದಲೋ ಶಾರ್ಕ್ ಹಾಜರಾಗುತ್ತದೆ. ರಕ್ತದ ವಾಸನೆ ಎಂಬುದು ಎಲ್ಲರೂ ಕೊಡುತ್ತಿದ್ದ ಕಾರಣ. ಆದರೆ ವಾಸನೆ ನೀರಿನ ಹರಿವಿನೊಂದಿಗೆ ನಿಧಾನವಾಗಿ ಸಾಗಬೇಕು, ಶಾರ್ಕ್ ಬರುವುದು ಅದಕ್ಕಿಂತ ಬೇಗ. ಡೊನಾಲ್ಡ್ ನೆಲ್ಸನ್ ಮತ್ತು ಸ್ಯಾಮ್ಯುಯೆಲ್ ಗ್ರೂಬರ್ ಎಂಬ ಸಂಶೋಧಕರು ಇದನ್ನು ಪರೀಕ್ಷೆಗೆ ಒಡ್ಡಿದರು. ಮೀನಿಲ್ಲ, ರಕ್ತವಿಲ್ಲ, ನೀರಿನೊಳಗೆ ಒಂದು ಸ್ಪೀಕರ್ ಮಾತ್ರ. ಸೆಕೆಂಡಿಗೆ 20ರಿಂದ 60 ಕಂಪನಗಳ ತಗ್ಗು ಸದ್ದನ್ನು ಬಿಟ್ಟು ಬಿಟ್ಟು ಹೊರಡಿಸಿದಾಗ ಶಾರ್ಕ್‌ಗಳು ಬಂದವು. 400ರಿಂದ 600 ಕಂಪನಗಳ ಸದ್ದಿಗೆ ಬರಲಿಲ್ಲ. 1963ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಪುಟ್ಟ ಬರಹ, ಗಾಯಗೊಂಡ ಮೀನಿನ ಒದ್ದಾಟವೇ ಶಾರ್ಕಿಗೆ ಕರೆಗಂಟೆ ಎಂಬುದನ್ನು ಗಟ್ಟಿ ಮಾಡಿತು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ, ಅಲ್ಲಿಗೆ ಲೆಕ್ಕ ತಾಳೆಯಾಯಿತು. ನೆಲ್ಸನ್ ಮುಂದೆ ಶಾರ್ಕ್‌ಗಳಿಗೆ ಸದ್ದಿನ ಟ್ಯಾಗ್ ಅಂಟಿಸಿ ಹಿಂಬಾಲಿಸುವ ಕ್ರಮಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು. ಎಲ್ ಬಾಹೊದ ಅಧ್ಯಯನದಲ್ಲಿ ಕ್ಲಿಮ್ಲಿಯವರ ಜತೆಗಾರರೂ ಅವರೇ.

ನೆಲ್ಸನ್ ಹೆಸರಿನ ಇನ್ನೊಂದು ಕೆಲಸ ನೀರಿಗಿಳಿಯುವವರಿಗೆ ಇಂದಿಗೂ ಜೀವರಕ್ಷಕ. ಪೆಸಿಫಿಕ್ ಹವಳದ ದಿಬ್ಬಗಳಲ್ಲಿ ಗ್ರೇ ರೀಫ್ ಎಂಬ ಬೂದು ಶಾರ್ಕ್ ಕೆಲವೊಮ್ಮೆ ವಿಚಿತ್ರವಾಗಿ ಈಜುತ್ತದೆ. ಮೂತಿ ಮೇಲೆತ್ತಿ, ಬೆನ್ನು ಗೂನು ಮಾಡಿ, ಎದೆಯ ರೆಕ್ಕೆಗಳನ್ನು ಕೆಳಕ್ಕೆ ಇಳಿಬಿಟ್ಟು, ಮೈಯನ್ನು ಅತಿಯಾಗಿ ಬಳುಕಿಸುತ್ತದೆ. ಇದು ಹಸಿವಲ್ಲ, ‘ಹತ್ತಿರ ಬಂದರೆ ಕಚ್ಚುತ್ತೇನೆ’ ಎಂಬ ಎಚ್ಚರಿಕೆ ಎಂದು ರಿಚರ್ಡ್ ಜಾನ್ಸನ್ ಮತ್ತು ನೆಲ್ಸನ್ 1973ರಲ್ಲಿ ವಿವರಿಸಿದರು. ಡೈವರ್ ಬೇಕೆಂದೇ ಶಾರ್ಕನ್ನು ಅಟ್ಟಿಸಿಕೊಂಡು ಹೋದಾಗ, ಅದಕ್ಕೆ ತಪ್ಪಿಸಿಕೊಳ್ಳಲು ದಾರಿ ಇಲ್ಲದಾಗ ಈ ವರ್ತನೆ ಹೆಚ್ಚಿತು. ಶಾರ್ಕ್ ಕಚ್ಚುವುದೆಲ್ಲ ತಿನ್ನಲಿಕ್ಕೇ ಎಂಬ ನಂಬಿಕೆಗೆ ಬಿದ್ದ ಮೊದಲ ಪೆಟ್ಟುಗಳಲ್ಲಿ ಇದೊಂದು.

ಆಸ್ಟ್ರೇಲಿಯಾದಲ್ಲಿ ಕಥೆ ಇನ್ನಷ್ಟು ರಕ್ತಸಿಕ್ತ. 1963ರ ಡಿಸೆಂಬರ್ 8ರಂದು ಅಡಿಲೇಡ್ ನಗರದ ದಕ್ಷಿಣಕ್ಕಿರುವ ಆಲ್ಡಿಂಗಾ ತೀರದಲ್ಲಿ ಈಟಿ ಬೇಟೆಯ ಸ್ಪರ್ಧೆ ನಡೆಯುತ್ತಿತ್ತು. ಸ್ಪರ್ಧಿ ರಾಡ್ನಿ ಫಾಕ್ಸ್ ಅವರನ್ನು ದೊಡ್ಡ ಬಿಳಿ ಶಾರ್ಕ್ ಎದೆಭಾಗಕ್ಕೆ ಬಾಯಿ ಹಾಕಿ ಹಿಡಿಯಿತು. ಪಕ್ಕೆಲುಬು ಮುರಿದವು, ಶ್ವಾಸಕೋಶಕ್ಕೆ ತೂತಾಯಿತು. 462 ಹೊಲಿಗೆ ಬಿದ್ದವು. ಬದುಕಿ ಎದ್ದ ಮನುಷ್ಯ ಶಾರ್ಕ್‌ಗಳ ಮೇಲೆ ಹಗೆ ಸಾಧಿಸಬಹುದಿತ್ತು, ಕಡಲನ್ನೇ ಬಿಡಬಹುದಿತ್ತು. ಎರಡನ್ನೂ ಮಾಡಲಿಲ್ಲ. ಮೃಗಾಲಯದಲ್ಲಿ ಸಿಂಹದ ಬೋನು ಕಂಡಾಗ, ಇಲ್ಲಿ ಪ್ರಾಣಿ ಒಳಗೆ ಮನುಷ್ಯ ಹೊರಗೆ, ಕಡಲಲ್ಲಿ ಮನುಷ್ಯನೇ ಒಳಗಿದ್ದರೆ ಹೇಗೆ ಎಂದು ಹೊಳೆಯಿತಂತೆ. ಬಿಳಿ ಶಾರ್ಕನ್ನು ಪಂಜರದೊಳಗಿಂದ ನೋಡುವ ಪ್ರವಾಸಗಳು ಬೆಳೆದದ್ದು ಹೀಗೆ. ಇಂದು ದಕ್ಷಿಣ ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳ ಬಳಿ ಅಂಥ ದೋಣಿಗಳು ಹೋಗುತ್ತವೆ. ಅಲ್ಲಿಗೆ ಬರುವ ಬಿಳಿ ಶಾರ್ಕ್‌ಗಳಿಗೆ ಸಂಶೋಧಕರು ಉದ್ದದ ಕೋಲಿನಿಂದ ಟ್ಯಾಗ್ ಚುಚ್ಚುತ್ತಾರೆ.

ಫಾಕ್ಸ್ ಅವರ ಗೆಳೆಯರ ಬಳಗವೂ ಅಂಥದ್ದೇ. ರಾನ್ ಟೇಲರ್ 1965ರಲ್ಲಿ ತಹೀತಿಯಲ್ಲಿ ಈಟಿ ಬೇಟೆಯ ವಿಶ್ವ ಚಾಂಪಿಯನ್ ಆದವರು. ಅವರ ಹೆಂಡತಿ ವ್ಯಾಲೆರಿಯೂ ಚಾಂಪಿಯನ್ನರೇ. ಇಬ್ಬರೂ ಈಟಿ ಕೆಳಗಿಟ್ಟು ಕ್ಯಾಮೆರಾ ಕೈಗೆತ್ತಿಕೊಂಡರು. ‘ಜಾಸ್’ ಚಿತ್ರದ ನಿಜವಾದ ಶಾರ್ಕಿನ ದೃಶ್ಯಗಳು ಅವರು ತೆಗೆದವು. ಆ ಚಿತ್ರ ನೋಡಿ ಜನ ಶಾರ್ಕ್ ಕೊಲ್ಲಲು ಹೊರಟಾಗ ಅದನ್ನು ತಡೆಯಲು ಊರೂರು ಸುತ್ತಿ ಮಾತಾಡಬೇಕಾಗಿ ಬಂದದ್ದೂ ಅವರಿಗೇ.

ಈ ಬಳಗವನ್ನು ಹೊಗಳುವಾಗ ಒಂದು ಅಧ್ಯಾಯವನ್ನು ಹಾರಿಸಿಬಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಗ್ರೇ ನರ್ಸ್ ಎಂಬ ಶಾರ್ಕ್ ಇದೆ. ಬಾಯಿಂದ ಹೊರಚಾಚಿದ ಚೂಪು ಹಲ್ಲು, ಭಯಂಕರ ಮುಖ, ಸ್ವಭಾವ ಮಾತ್ರ ಸಾಧು. ಬಂಡೆಯ ಕೊರಕಲುಗಳಲ್ಲಿ ಹಗಲಿಡೀ ಸುಮ್ಮನೆ ತೇಲಿಕೊಂಡಿರುತ್ತದೆ. 1950 ಮತ್ತು 60ರ ದಶಕಗಳಲ್ಲಿ ಈಟಿಗಾರರು ತುದಿಗೆ ಮದ್ದಿನ ತೋಟಾ ಸಿಕ್ಕಿಸಿದ ಕೋಲಿನಿಂದ ಇವುಗಳನ್ನು ಸಾಲುಸಾಲಾಗಿ ಕೊಂದರು. ನರಭಕ್ಷಕನನ್ನು ಕೊಂದ ಶೂರ ಎಂದು ಪತ್ರಿಕೆಗಳಲ್ಲಿ ಫೋಟೊ ಬರುತ್ತಿತ್ತು. ಈ ಶಾರ್ಕಿನ ಸಂತಾನ ಹೆಚ್ಚುವುದು ಬಹಳ ನಿಧಾನ. ಗರ್ಭಕೋಶಗಳು ಎರಡು, ಒಂದೊಂದರಲ್ಲೂ ಮೊದಲು ಬಲಿತ ಮರಿ ಉಳಿದವನ್ನು ಅಲ್ಲೇ ತಿಂದುಹಾಕುತ್ತದೆ. ಕೊನೆಗೆ ಹುಟ್ಟುವುದು ಎರಡೇ ಮರಿ, ಅದೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಅಂಥ ಜೀವಿಯನ್ನು ಒಂದೆರಡು ದಶಕ ಬೇಟೆಯಾಡಿದರೂ ಸಾಕು. 1984ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಅದನ್ನು ಕಾನೂನಿನ ರಕ್ಷಣೆಗೆ ತಂದಿತು. ಜಗತ್ತಿನಲ್ಲಿ ಹಾಗೆ ರಕ್ಷಣೆ ಪಡೆದ ಮೊದಲ ಶಾರ್ಕ್ ಅದು. ಅದಕ್ಕಾಗಿ ದನಿ ಎತ್ತಿದವರಲ್ಲಿ ಮುಂಚೂಣಿಯಲ್ಲಿದ್ದವರು ವ್ಯಾಲೆರಿ ಟೇಲರ್. ಪೂರ್ವ ಕರಾವಳಿಯ ಗ್ರೇ ನರ್ಸ್ ಇವತ್ತಿಗೂ ಅಳಿವಿನ ಅಂಚಿನಿಂದ ಈಚೆ ಬಂದಿಲ್ಲ.

ಈಗ ಆ ಈಟಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಟ್ಯಾಗ್ ಹಾಕಲು ಬಳಸುವುದು ಬಹುತೇಕ ಸರಳವಾದ ಕೋಲೀಟಿ. ಹಿಂತುದಿಯಲ್ಲಿ ಒಂದು ದಪ್ಪ ರಬ್ಬರ್ ಕುಣಿಕೆ ಇರುತ್ತದೆ. ಕುಣಿಕೆಯನ್ನು ಹೆಬ್ಬೆರಳ ಸಂದಿಗೆ ಸಿಕ್ಕಿಸಿ, ಕೈಯನ್ನು ಕೋಲಿನುದ್ದಕ್ಕೆ ಮುಂದೆ ಜಾರಿಸಿ ಬಿಗಿ ಹಿಡಿದರೆ ರಬ್ಬರ್ ಎಳೆದು ನಿಲ್ಲುತ್ತದೆ, ಹಿಡಿತ ಸಡಿಲಿಸಿದರೆ ಈಟಿ ಚಿಮ್ಮುತ್ತದೆ. ಹುಡುಗರ ಕ್ಯಾಟರ್‌ಬಿಲ್ಲಿನ ತತ್ವವೇ. ಮುಂತುದಿಯ ಸೂಜಿಯ ಮೇಲೆ ಟೈಟಾನಿಯಂ, ಸ್ಟೀಲ್ ಅಥವಾ ನೈಲಾನಿನ ಪುಟ್ಟ ಮುಳ್ಳು ಕೂರಿಸಿರುತ್ತಾರೆ. ಮುಳ್ಳಿಗೆ ಒಂದು ದಾರ, ದಾರದ ಕೊನೆಗೆ ಟ್ಯಾಗ್. ಸೂಜಿ ಬೇಕಾದ್ದಕ್ಕಿಂತ ಆಳಕ್ಕೆ ಇಳಿಯದಂತೆ ಒಂದು ತಡೆಯೂ ಇರುತ್ತದೆ. ಶಾರ್ಕಿನ ಚರ್ಮವೆಂದರೆ ಹಲ್ಲಿನಂಥ ಸಣ್ಣ ಸಣ್ಣ ಹುರುಪೆಗಳಿಂದ ಹೆಣೆದ ಉಪ್ಪುಕಾಗದ. ಅಳುಕಿ ಮೆಲ್ಲಗೆ ಚುಚ್ಚಿದರೆ ಮುಳ್ಳು ಜಾರಿ ಹೋಗುತ್ತದೆ, ಮೀನು ಬೆದರಿ ಮತ್ತೆ ಹತ್ತಿರ ಬರುವುದಿಲ್ಲ. ಗುರಿ ಬೆನ್ನ ರೆಕ್ಕೆಯ ಬುಡದ ದಪ್ಪ ಮಾಂಸಖಂಡ. ಅದಕ್ಕಿಂತ ಮುಂದೆ ಕಿವಿರು, ಕೆಳಗೆ ಒಳಾಂಗ, ಎರಡೂ ಕೂಡದು. ತಾಗಿದ ಕೂಡಲೆ ಶಾರ್ಕ್ ಒಮ್ಮೆ ಬಾಲ ಬೀಸಿ ನುಗ್ಗಿಬಿಡುತ್ತದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇದು ಪೂರ್ತಿ ನಿರಪಾಯವೇನಲ್ಲ. ಗಾಯವಾಗುತ್ತದೆ, ಟ್ಯಾಗಿನ ಮೇಲೆ ಪಾಚಿ ಬೆಳೆದು ಮೀನಿಗೆ ಎಳೆದಾಡುವ ಹೊರೆಯಾಗುವುದೂ ಉಂಟು. ಆದರೂ ಗಾಳದ ಜಗ್ಗಾಟಕ್ಕೆ ಹೋಲಿಸಿದರೆ ಹ್ಯಾಮರ್‌ಹೆಡ್‌ನಂಥ ನಾಜೂಕು ಜೀವಕ್ಕೆ ಇದೇ ಮೇಲು.

ಟ್ಯಾಗ್‌ಗಳಲ್ಲಿ ಅತಿ ಹಳೆಯದು, ಅತಿ ಅಗ್ಗದ್ದು, ನನಗೆ ಅತಿ ಇಷ್ಟವಾದದ್ದು ಬರಿಯ ಚೀಟಿ. ಅಮೆರಿಕದಲ್ಲಿ 1962ರಲ್ಲಿ ಜ್ಯಾಕ್ ಕೇಸಿ ಎಂಬ ಸರ್ಕಾರಿ ಜೀವವಿಜ್ಞಾನಿ ನೂರಕ್ಕೂ ಕಡಿಮೆ ಸ್ವಯಂಸೇವಕರನ್ನು ಕಟ್ಟಿಕೊಂಡು ಒಂದು ಯೋಜನೆ ಶುರು ಮಾಡಿದರು. ಹವ್ಯಾಸಿ ಗಾಳಗಾರರು, ವೃತ್ತಿಯ ಮೀನುಗಾರರು ತಾವು ಹಿಡಿದ ಶಾರ್ಕಿಗೆ ಟ್ಯಾಗ್ ಚುಚ್ಚಿ ಬಿಡಬೇಕು, ಇನ್ಯಾರಿಗೋ ಅದು ಸಿಕ್ಕಿದರೆ ತಿಳಿಸಬೇಕು. ಪುಟ್ಟ ಪ್ಲಾಸ್ಟಿಕ್ ಕೊಳವೆಯೊಳಗೆ ಸುರುಳಿ ಸುತ್ತಿದ, ನೀರಿಗೆ ಕೆಡದ ಚೀಟಿ. ಅದರ ಮೇಲೆ ಒಂದು ಸಂಖ್ಯೆ, ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್, ಜಪಾನಿ, ನಾರ್ವೇಜಿಯನ್ ಭಾಷೆಗಳಲ್ಲಿ ಒಂದು ವಿನಂತಿ. ಶಾರ್ಕ್ ಯಾವ ದೇಶದ ಹಡಗಿಗೆ ಸಿಕ್ಕೀತೋ ಯಾರು ಬಲ್ಲರು! ಯೋಜನೆಯ ಮೊದಲ ಐದು ದಶಕಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಶಾರ್ಕ್‌ಗಳಿಗೆ ಚೀಟಿ ಬಿತ್ತು. ಮರಳಿ ಸುದ್ದಿ ಬಂದದ್ದು ನೂರಕ್ಕೆ ಐದಾರರದ್ದು ಮಾತ್ರ. ಆ ಐದಾರರಿಂದಲೇ ನೀಲಿ ಶಾರ್ಕ್ ಅಟ್ಲಾಂಟಿಕ್ ಸಾಗರವನ್ನು ಈ ದಡದಿಂದ ಆ ದಡಕ್ಕೆ ದಾಟುತ್ತದೆ ಎಂಬುದು ಗೊತ್ತಾಯಿತು. ಸ್ಯಾಂಡ್‌ಬಾರ್ ಜಾತಿಯ ಒಂದು ಶಾರ್ಕ್ ಚೀಟಿ ಹೊತ್ತು 27 ವರ್ಷಕ್ಕೂ ಹೆಚ್ಚು ಕಾಲ ತಿರುಗಾಡಿ ಸಿಕ್ಕಿತು. ಶಾರ್ಕ್‌ಗಳು ನಿಧಾನವಾಗಿ ಬೆಳೆದು ದೀರ್ಘಕಾಲ ಬಾಳುತ್ತವೆ, ಆದ್ದರಿಂದ ಬೇಗ ಖಾಲಿಯಾಗುತ್ತವೆ ಎಂಬ ಕಹಿ ಲೆಕ್ಕಕ್ಕೆ ಇಂಥ ಚೀಟಿಗಳೇ ಸಾಕ್ಷಿ.

ಚೀಟಿ ಹೇಳುವುದು ಎರಡೇ ಸಂಗತಿ: ಎಲ್ಲಿ ಬಿಟ್ಟಿರಿ, ಎಲ್ಲಿ ಹಿಡಿದಿರಿ. ನಡುವಿನ ಕಥೆ ಬೇಕಿದ್ದರೆ ಎಲೆಕ್ಟ್ರಾನಿಕ್ ಟ್ಯಾಗ್ ಬೇಕು. ಒಂದು ಬಗೆಯದು ತನ್ನ ಗುರುತಿನ ಸಂಕೇತವನ್ನು ಸದ್ದಾಗಿ ಹೊರಡಿಸುತ್ತಿರುತ್ತದೆ, ಕಡಲ ತಳದಲ್ಲಿ ಅಲ್ಲಲ್ಲಿ ಇಟ್ಟ ಯಂತ್ರಗಳು ಶಾರ್ಕ್ ಹತ್ತಿರ ಹಾದಾಗ ಅದನ್ನು ದಾಖಲಿಸುತ್ತವೆ. ಇನ್ನೊಂದು ಬಗೆಯದು ಆಳ, ಉಷ್ಣತೆ, ಬೆಳಕನ್ನು ಅಳೆದು ನೆನಪಿಟ್ಟುಕೊಂಡು, ಗೊತ್ತುಪಡಿಸಿದ ದಿನ ತನ್ನ ಕೊಂಡಿಯನ್ನು ತಾನೇ ಕರಗಿಸಿಕೊಂಡು ಮೇಲಕ್ಕೆ ತೇಲಿ ಉಪಗ್ರಹಕ್ಕೆ ವರದಿ ಒಪ್ಪಿಸುತ್ತದೆ. ಇದಕ್ಕೆ ಹೆಸರಾಂತ ಉದಾಹರಣೆ ನಿಕೋಲ್. ನಟಿ ನಿಕೋಲ್ ಕಿಡ್‌ಮನ್ ಹೆಸರನ್ನು ಒಂದು ಹೆಣ್ಣು ಬಿಳಿ ಶಾರ್ಕಿಗೆ ಇಟ್ಟದ್ದು. ವಿಜ್ಞಾನಿಗಳಿಗೂ ಪ್ರಚಾರದ ಚಪಲ ಇರುತ್ತದೆ. 2003ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್ ಬಳಿ ಅದಕ್ಕೆ ಟ್ಯಾಗ್ ಹಾಕಿದರು. 99 ದಿನಗಳಲ್ಲಿ ಅದು ಹಿಂದೂ ಮಹಾಸಾಗರದ ಆಚೆ ದಡದ ಆಸ್ಟ್ರೇಲಿಯಾ ತಲುಪಿತ್ತು, 11,000 ಕಿಲೊಮೀಟರಿಗೂ ಹೆಚ್ಚು ದೂರ. ಮರುವರ್ಷ ಆಗಸ್ಟ್‌ನಲ್ಲಿ ಮತ್ತೆ ಗಾನ್ಸ್‌ಬಾಯ್‌ನಲ್ಲೇ ಕಾಣಿಸಿಕೊಂಡಿತು. ಟ್ಯಾಗ್ ಆಗಲೇ ಕಳಚಿತ್ತು, ಗುರುತು ಹಿಡಿದದ್ದು ಬೆನ್ನ ರೆಕ್ಕೆಯ ಅಂಚಿನ ಕಚ್ಚುಗಳ ಫೋಟೊದಿಂದ. ಒಂದು ದೇಶ ಕಾನೂನು ಮಾಡಿ ಕಾಪಾಡಿದ ಮೀನು ದಾರಿಯಲ್ಲಿ ಯಾರ ಬಲೆಗೂ ಬೀಳಬಹುದು ಎಂಬ ಅಂಶ ಇದರಿಂದ ಅಂತರರಾಷ್ಟ್ರೀಯ ಚರ್ಚೆಗೆ ಬಂತು.

ಯಂತ್ರ ಎಷ್ಟೇ ಜಾಣನಾದರೂ ಅದನ್ನು ಶಾರ್ಕಿನ ಬೆನ್ನಿಗೆ ಮುಟ್ಟಿಸುವ ಕೆಲಸಕ್ಕೆ ಗೆಳೆಯರು ಬೇಕು. ಉಸಿರು ಹಿಡಿದು ಮುಳುಗುವವರ ಮೊದಲ ನಿಯಮ ಒಬ್ಬ ಕೆಳಗೆ, ಒಬ್ಬ ಮೇಲೆ. ಇಬ್ಬರೂ ಒಟ್ಟಿಗೆ ಇಳಿಯುವಂತಿಲ್ಲ. ಇದರ ಹಿಂದೆ ಸರಳ ಭೌತಶಾಸ್ತ್ರವಿದೆ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನ ಮೂರರಷ್ಟು. ಶ್ವಾಸಕೋಶ ಅಮುಕಿದಂತಾಗಿ, ಇರುವಷ್ಟೇ ಆಮ್ಲಜನಕ ರಕ್ತಕ್ಕೆ ಚೆನ್ನಾಗಿ ನುಗ್ಗುತ್ತದೆ. ಮೇಲೇರುವಾಗ ಒತ್ತಡ ಇಳಿದು, ಆಮ್ಲಜನಕವೂ ಮುಗಿಯುತ್ತಾ ಬಂದು, ಕೊನೆಯ ಕೆಲವು ಮೀಟರುಗಳಲ್ಲಿ ಮಿದುಳಿಗೆ ಅದು ಥಟ್ಟನೆ ಸಾಲದಾಗುತ್ತದೆ. ಮುನ್ಸೂಚನೆ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಉಸಿರಾಡಬೇಕೆಂಬ ಚಡಪಡಿಕೆ ಹುಟ್ಟುವುದು ಇಂಗಾಲದ ಡೈಆಕ್ಸೈಡ್ ಏರಿದಾಗ. ಮುಳುಗುವ ಮುನ್ನ ಜೋರುಜೋರಾಗಿ ಉಸಿರೆಳೆದು ಬಿಟ್ಟವನಲ್ಲಿ ಆ ಎಚ್ಚರಿಕೆಯೂ ತಡವಾಗಿ ಬರುತ್ತದೆ. ಪಕ್ಕದಲ್ಲಿ ಹಿಡಿದೆತ್ತುವ ಕೈ ಇದ್ದರೆ ಅವನು ಬದುಕುತ್ತಾನೆ, ಇಲ್ಲದಿದ್ದರೆ ಇಲ್ಲ. ಶಾರ್ಕ್ ಹುಡುಕಿ ಹೋಗುವವರ ಪಾಲಿಗೆ ಶಾರ್ಕಿಗಿಂತ ದೊಡ್ಡ ಅಪಾಯ ಇದೇ. ಮೇಲಿದ್ದವನು ಗೆಳೆಯ ನೀರಿನಿಂದ ತಲೆ ಎತ್ತಿದ ಮೇಲೂ ಅರ್ಧ ನಿಮಿಷ ಅವನ ಮುಖದಿಂದ ಕಣ್ಣು ಕೀಳುವುದಿಲ್ಲ.

ಇಂಥ ಗುಂಪಿನಲ್ಲಿ ಒಬ್ಬನ ಕೈಯಲ್ಲಿ ಈಟಿ, ಇನ್ನೊಬ್ಬನ ಕೈಯಲ್ಲಿ ಕ್ಯಾಮೆರಾ. ಕ್ಯಾಮೆರಾದವನು ಶಾರ್ಕ್ ಗಂಡೋ ಹೆಣ್ಣೋ ಎಂದೂ ನೋಡಿಕೊಳ್ಳುತ್ತಾನೆ: ಹೊಟ್ಟೆಯಡಿ ಜೋಡಿ ಕೋಲಿನಂಥ ಅಂಗ ಕಂಡರೆ ಗಂಡು, ಇಲ್ಲದಿದ್ದರೆ ಹೆಣ್ಣು. ದೋಣಿಯಲ್ಲಿ ಕುಳಿತವನು ಟ್ಯಾಗಿನ ಸಂಖ್ಯೆ, ಹೊತ್ತು, ಜಾಗ, ಅಂದಾಜು ಉದ್ದ ಬರೆದುಕೊಳ್ಳುತ್ತಾನೆ. ಈಟಿಗಾರನಿಗೆ ಇಲ್ಲಿ ಒದಗುವುದು ಬೇಟೆಯಲ್ಲಿ ಪಳಗಿದ ಗುಣಗಳೇ. ಮೀನನ್ನು ದಿಟ್ಟಿಸದೆ ಓರೆಗಣ್ಣಿನಲ್ಲಿ ಗಮನಿಸುವುದು, ಬೆನ್ನಟ್ಟದೆ ಅದರ ದಾರಿಯಲ್ಲಿ ಕಾಯುವುದು, ಗುರಿ ಸರಿಯಿಲ್ಲದಿದ್ದರೆ ಬರಿಗೈಯಲ್ಲಿ ಮೇಲೇರುವುದು. ಪೆಸಿಫಿಕ್ ಸಾಗರದ ಗಲಾಪಗೋಸ್, ಮಲ್ಪೆಲೊ, ಕೋಕೋಸ್ ದ್ವೀಪಗಳ ಸುತ್ತ ಹ್ಯಾಮರ್‌ಹೆಡ್‌ಗಳಿಗೆ ಟ್ಯಾಗ್ ಹಾಕುವ ತಂಡಗಳು ಈಗಲೂ ಇದೇ ಕೋಲೀಟಿಯನ್ನು ನೆಚ್ಚಿವೆ.

ಕೊಂದ ಕೈಗಳೇ ಕಾಯುವ ಕೈಗಳಾದದ್ದಕ್ಕೆ ನಮ್ಮ ದೇಶದಲ್ಲೂ ನಿದರ್ಶನವಿದೆ. ಗುಜರಾತಿನ ವೆರಾವಲ್ ಸುತ್ತಿನ ಮೀನುಗಾರರು ತಿಮಿಂಗಿಲ ಶಾರ್ಕನ್ನು ಕೊಕ್ಕೆ ಹೊಡೆದು ಹಿಡಿಯುತ್ತಿದ್ದರು. ಅದರ ಯಕೃತ್ತಿನ ಎಣ್ಣೆ ಮರದ ದೋಣಿಗಳಿಗೆ ಬಳಿಯಲು ಬೇಕಿತ್ತು. 2001ರಲ್ಲಿ ಅದು ವನ್ಯಜೀವಿ ಕಾಯ್ದೆಯ ರಕ್ಷಣೆಗೆ ಸೇರಿತು. ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ್ದು 2004ರಲ್ಲಿ ಶುರುವಾದ ಅಭಿಯಾನ. ಇದು ಹೆರಿಗೆಗೆ ತವರಿಗೆ ಬಂದ ಮಗಳು ಎಂದರು ಪ್ರವಚನಕಾರ ಮೊರಾರಿ ಬಾಪು. ಅಲ್ಲಿಂದೀಚೆಗೆ ಮೀನುಗಾರರು ಸಾವಿರಾರು ರೂಪಾಯಿಯ ಬಲೆ ಕತ್ತರಿಸಿ ನೂರಾರು ಶಾರ್ಕ್‌ಗಳನ್ನು ಬಿಟ್ಟಿದ್ದಾರೆ. ಕೆಲವಕ್ಕೆ ಉಪಗ್ರಹ ಟ್ಯಾಗ್ ಹಾಕುವಾಗ ದೋಣಿ ನಡೆಸಿದವರೂ ಅವರೇ.

ಈಟಿಗಾರರಿಗೂ ಶಾರ್ಕಿಗೂ ಈಗ ಜಗಳವಿಲ್ಲ ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ, ಫ್ಲಾರಿಡಾದಲ್ಲಿ ಅವರ ದೊಡ್ಡ ದೂರೇ ಶಾರ್ಕ್ ಕಳ್ಳತನ. ಈಟಿ ತಾಗಿದ ಮೀನು ಕೈಗೆ ಬರುವ ಮುನ್ನ ಶಾರ್ಕಿನ ಬಾಯಿಗೆ. ದೋಣಿಯ ಎಂಜಿನ್ ಸದ್ದಿಗೇ ಬಂದು ಕಾಯುತ್ತವೆ ಎನ್ನುತ್ತಾರೆ. ‘ರಕ್ಷಣೆ ಅತಿಯಾಯಿತು, ಇವು ಮಿತಿಮೀರಿ ಹೆಚ್ಚಿವೆ’ ಎಂಬ ತೀರ್ಮಾನಕ್ಕೆ ಅವರು ಅವಸರದಲ್ಲಿ ಹಾರುತ್ತಾರೆ ಎನಿಸುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಶಾರ್ಕಿಗೆ ಊಟದ ಹೊತ್ತು ಕಲಿಸಿದವರು ಯಾರು? ಆದರೂ ಅವರ ದೂರನ್ನು ತಳ್ಳಿಹಾಕುವುದು ದಡ್ಡತನ. 1963ರ ಸ್ಪೀಕರ್ ಪ್ರಯೋಗಕ್ಕೆ ಜೀವ ಕೊಟ್ಟದ್ದು ಇಂಥದೇ ಒಂದು ದೂರು. ಇತ್ತ ಎಲ್ ಬಾಹೊ ಗುಡ್ಡದ ಸುತ್ತ ಆ ನೂರಾರು ಹ್ಯಾಮರ್‌ಹೆಡ್‌ಗಳ ಹಿಂಡು ಈಗಿಲ್ಲ. ಅವು ಹೋದದ್ದು ಈಟಿಯಿಂದಲ್ಲ, ಬಲೆ ಮತ್ತು ಸಾಲುಗಾಳಗಳಿಂದ.

ಮಲ್ಪೆ, ಮಂಗಳೂರು ಬಂದರುಗಳಲ್ಲಿ ಬುಟ್ಟಿ ತುಂಬ ಬರುವ ತಾಟೆ, ಅಂದರೆ ಶಾರ್ಕ್ ಮೀನಿನ ನಡುವೆ ಮರಿ ಹ್ಯಾಮರ್‌ಹೆಡ್‌ಗಳೂ ಇರುತ್ತವೆ. ಆ ಜಾತಿ 2013ರಲ್ಲಿ ಅಂತರರಾಷ್ಟ್ರೀಯ ವಹಿವಾಟಿನ ನಿರ್ಬಂಧದ ಪಟ್ಟಿ ಸೇರಿದೆ. ಶಾರ್ಕಿಗೆ ಗಡಿ ಇಲ್ಲವಾದ್ದರಿಂದ ಯಾವತ್ತಾದರೂ ನಮ್ಮ ಬಲೆಯಲ್ಲೂ ಬೆನ್ನಿಗೆ ಪ್ಲಾಸ್ಟಿಕ್ ಕೊಳವೆ ತೂಗುವ ಮೀನು ಬರಬಹುದು. ಅಂಥದ್ದು ಕಂಡರೆ ಕೊಳವೆಯನ್ನು ಕಿತ್ತು ಕಡಲಿಗೆಸೆಯಬಾರದು. ಸಂಖ್ಯೆ, ಸಿಕ್ಕ ಜಾಗ, ದಿನ, ಮೂತಿಯಿಂದ ಬಾಲದವರೆಗಿನ ಉದ್ದ, ಗಂಡೋ ಹೆಣ್ಣೋ ಎಂಬುದನ್ನು ಬರೆದುಕೊಂಡು, ಮೊಬೈಲಿನಲ್ಲಿ ಫೋಟೊ ತೆಗೆದು, ಮಂಗಳೂರಿನಲ್ಲಿರುವ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಕ್ಕೆ ತಿಳಿಸಬೇಕು. ಮೀನು ಜೀವಂತ ಇದ್ದರೆ ಸಂಖ್ಯೆ ಮಾತ್ರ ಓದಿಕೊಂಡು, ಕೊಳವೆಯನ್ನು ಹಾಗೆಯೇ ಬಿಟ್ಟು, ಮೀನನ್ನು ನೀರಿಗೆ ಬಿಡುವುದು ಇನ್ನೂ ಒಳ್ಳೆಯದು.